ಹಳೆಯ ಹೋಟೆಲಿನ ಬಾಗಿಲಲ್ಲಿ

ದೊಡ್ಡ ಊರೊಂದಕ್ಕೆ ಎರಡು ಮೂರು ದಿನಗಳ ಮಟ್ಟಿಗೆ ಹೋಗಿ ಬರೋಣವೆಂದು ನೀವು ಮನೆಯಲ್ಲಿ ನಿಶ್ಚಯಿಸಿದ್ದೀರೆಂದು ಇಟ್ಟುಕೊಳ್ಳಿ. ಮಗಳ ಪರೀಕ್ಷೆ ಮುಗಿದಿರಬಹುದು. ನಿವೃತ್ತಿಯ ಹಣ ಕೈಗೆ ಬಂದಿರಬಹುದು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂಬುದು ಇದ್ದಕ್ಕಿದ್ದಂತೆ ನೆನಪಾಗಿರಬಹುದು. ಊರು ಮುಂಬಯಿ ಎಂದೇ ಇರಲಿ. ಈ ಸಲ ನೆಂಟರ ಮನೆ ಬೇಡ, ಸ್ಟೇಷನ್ನಿನ ಪಕ್ಕದ ಲಾಡ್ಜೂ ಬೇಡ. ಬದುಕಿನಲ್ಲಿ ಒಂದೇ ಒಂದು ಬಾರಿಯಾದರೂ ಹೆಸರಾಂತ ಹಳೆಯ ಹೋಟೆಲಿನಲ್ಲಿ ಇಳಿದುಕೊಳ್ಳೋಣ ಎಂದು ಮನೆಯಲ್ಲಿ ಒಬ್ಬರು ಹೇಳುತ್ತಾರೆ. ಉಳಿದವರು ಖರ್ಚಿನ ಮಾತೆತ್ತುತ್ತಾರೆ. ಒಂದು ರಾತ್ರಿಗೆ ಅಷ್ಟು ಹಣ ತೆತ್ತು ನಾವು ಕೊಳ್ಳುವುದಾದರೂ ಏನನ್ನು? ಎಲ್ಲಿ ಮಲಗಿದರೂ ಬರುವುದು ಅದೇ ನಿದ್ದೆ ತಾನೆ?

ಈ ಪ್ರಶ್ನೆ ಸರಿಯಾದದ್ದೇ. ಹಾಸಿಗೆ, ಬಿಸಿನೀರು, ತಂಪುಗಾಳಿ ಇಷ್ಟೇ ಬೇಕೆಂದರೆ ಹೊಸ ಹೋಟೆಲುಗಳಲ್ಲಿ ಅವು ಇನ್ನೂ ಕಡಮೆ ಬೆಲೆಗೆ, ಕೆಲವೊಮ್ಮೆ ಇನ್ನೂ ಚೆನ್ನಾಗಿ ದೊರೆಯುತ್ತವೆ. ಹಳೆಯ ಹೋಟೆಲಿಗೆ ನೀವು ಹೆಚ್ಚಾಗಿ ಕೊಡುವ ಹಣ ಅದರ ಚರಿತ್ರೆಗೆ ಕೊಡುವ ಬೆಲೆ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಜರಿಯನ್ನು ಬೆಳಕಿಗೆ ಹಿಡಿದು ನೋಡುವವರು ನಾವು. ಹಾಗಿರುವಾಗ ಚರಿತ್ರೆಯನ್ನು ಕೊಳ್ಳುವ ಮುನ್ನ ಅದನ್ನೂ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದಲ್ಲವೆ? ಈ ಲೇಖನದಲ್ಲಿ ಮುಂಬಯಿಯ ಎರಡು ಹೋಟೆಲುಗಳ ಕಥೆಯನ್ನು ಮುಂದಿಟ್ಟುಕೊಂಡು ಆ ಕೆಲಸ ಮಾಡೋಣ. ಒಂದು ಉಳಿದಿದೆ, ಇನ್ನೊಂದು ಹೋಟೆಲಾಗಿ ಉಳಿದಿಲ್ಲ. ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ಈ ಎರಡು ಕಥೆಗಳೇ ಹೇಳಿಕೊಡುತ್ತವೆ.

ಮೊದಲು ಒಂದು ಮಾತು. ಕನ್ನಡದಲ್ಲಿ ‘ಹೋಟೆಲು’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಂಚವಲ್ಲ. ಮಸಾಲೆ ದೋಸೆ, ಅದರ ಹಿಂದೆಯೇ ಬರುವ ಕಾಫಿ. ತಂಗುವುದಕ್ಕೆ ನಮ್ಮಲ್ಲಿ ಬೇರೆ ಮಾತುಗಳಿದ್ದುವು: ಛತ್ರ, ಧರ್ಮಶಾಲೆ, ಮಠ, ಮುಸಾಫರಖಾನೆ. ದಾರಿಹೋಕನಿಗೆ ನೆರಳು ಕೊಡುವುದು ಪುಣ್ಯದ ಕೆಲಸವೆನಿಸಿತ್ತೇ ಹೊರತು ವ್ಯಾಪಾರವೆನಿಸಿರಲಿಲ್ಲ. ಆದರೆ ಆ ಪುಣ್ಯಕ್ಕೂ ಒಂದು ಹೊಸ್ತಿಲಿತ್ತು. ಯಾವ ಛತ್ರದಲ್ಲಿ ಯಾವ ಜಾತಿಯವರಿಗೆ ಊಟ, ಯಾರಿಗೆ ಜಗಲಿ ಮಾತ್ರ, ಯಾರಿಗೆ ಅದೂ ಇಲ್ಲ ಎಂಬ ಕಟ್ಟಳೆ ಅನೇಕ ಊರುಗಳಲ್ಲಿ ಇದ್ದೇ ಇತ್ತು. ಇದನ್ನು ಈಗಲೇ ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಯಾವ ಹೋಟೆಲಿನ ಚರಿತ್ರೆಯನ್ನು ಕೆದಕಿದರೂ ಕೊನೆಗೆ ನಾವು ಬಂದು ನಿಲ್ಲುವುದು ಅದರ ಬಾಗಿಲಿನ ಮುಂದೆ. ಅಲ್ಲಿ ಯಾರನ್ನು ಒಳಕ್ಕೆ ಕರೆದರು, ಯಾರನ್ನು ಹೊರಗೆ ನಿಲ್ಲಿಸಿದರು? ಬಿಳಿಯರು ತಮ್ಮ ಬಾಗಿಲಿನಲ್ಲಿ ಮಾಡಿದ್ದನ್ನು ಹೇಳುವಾಗ ನಮ್ಮ ಬಾಗಿಲುಗಳನ್ನು ಮರೆಯುವುದು ನ್ಯಾಯವಲ್ಲ.

ಈಗ ಮುಂಬಯಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಆ ಊರಿಗೆ ದೊಡ್ಡ ಹೋಟೆಲಿನ ಅಗತ್ಯ ಅಷ್ಟಾಗಿ ಇರಲಿಲ್ಲ. ಹಡಗಿನಿಂದಿಳಿದ ಇಂಗ್ಲಿಷಿನವನು ಪರಿಚಯದ ಕಾಗದ ಹಿಡಿದು ಯಾರಾದರೂ ಅಧಿಕಾರಿಯ ಬಂಗಲೆಗೆ ಹೋಗುತ್ತಿದ್ದ. ವ್ಯಾಪಾರಕ್ಕೆ ಬಂದ ನಮ್ಮವನು ತನ್ನ ಜಾತಿಯವರ, ತನ್ನ ಸೀಮೆಯವರ ಮನೆ ಹುಡುಕಿಕೊಳ್ಳುತ್ತಿದ್ದ. ಎರಡು ದಶಕಗಳೊಳಗೆ ಇದೆಲ್ಲ ಬದಲಾಯಿತು. 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಲ್ಯಾಂಕಷೈರಿನ ಗಿರಣಿಗಳಿಗೆ ಬಾರದಂತಾದಾಗ ನಮ್ಮ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿಯೂ ಆ ಕಾಲದಲ್ಲಿ ಹಡಗು ಹತ್ತಿದ ಸರಕೇ. ನಾಲ್ಕು ವರ್ಷಗಳಲ್ಲಿ ಮುಂಬಯಿಗೆ ಹಣ ಹೊಳೆಯಾಗಿ ಹರಿಯಿತು. ಗವರ್ನರ್ ಸರ್ ಬಾರ್ಟಲ್ ಫ್ರೀಯರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿ, ಅದರ ಹೊರಗಿದ್ದ ಎಸ್ಪ್ಲನೇಡ್ ಬಯಲಿನ ಅಂಚಿನಲ್ಲಿ ನಿವೇಶನಗಳನ್ನು ಮಾಡಿಸಿದರು. 1865ರಲ್ಲಿ ಅಮೆರಿಕದ ಯುದ್ಧ ನಿಂತಾಗ ಹತ್ತಿಯ ಬೆಲೆ ಕುಸಿದು ಎಷ್ಟೋ ಮನೆತನಗಳು ಮುಳುಗಿದುವು. ಆದರೆ ನಿವೇಶನಗಳೂ ರಸ್ತೆಗಳೂ ಉಳಿದುವು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಮರುವರ್ಷ ಮುಂಬಯಿಗೂ ಕಲ್ಕತ್ತಕ್ಕೂ ರೈಲು ದಾರಿ ಕೂಡಿಕೊಂಡಿತು. ಯುರೋಪಿನಿಂದ ಭಾರತಕ್ಕೆ ಬರುವವರೆಲ್ಲರಿಗೂ ಮುಂಬಯಿ ಹೆಬ್ಬಾಗಿಲಾಯಿತು.

ಹೆಬ್ಬಾಗಿಲೆಂದ ಮೇಲೆ ಅಲ್ಲಿ ಒಂದು ರಾತ್ರಿ ತಂಗುವ ಜನರೂ ಬಂದರು. ಅವರಿಗಾಗಿ ಮೇಲೆದ್ದ ಹೋಟೆಲುಗಳಲ್ಲಿ ಹೆಸರಾದದ್ದು ವಾಟ್ಸನ್ ಹೋಟೆಲು.

ಜಾನ್ ವಾಟ್ಸನ್ ಇಂಗ್ಲೆಂಡಿನ ಉತ್ತರ ಭಾಗದಿಂದ ಬಂದ ಜವಳಿ ವ್ಯಾಪಾರಿ. ಕೋಟೆಯ ಗೋಡೆ ಬಿದ್ದ ಮೇಲೆ ದೊರೆತ ನಿವೇಶನದಲ್ಲಿ, ಈಗ ಕಾಲಾ ಘೋಡಾ ಎನ್ನುವ ಭಾಗದಲ್ಲಿ, ಆತ ಈ ಕಟ್ಟಡವನ್ನೆತ್ತಿದ. ಅದರ ವಿಶೇಷವೇನೆಂದರೆ ಅದು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಬೆಳೆದ ಮನೆಯಲ್ಲ. ಕಂಬ, ತೊಲೆ, ಮೊಗಸಾಲೆಗಳ ಕಟಕಟೆ ಎಲ್ಲವೂ ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣ. ಅಲ್ಲಿ ತಯಾರಾದ ಭಾಗಗಳನ್ನು ಹಡಗಿನಲ್ಲಿ ತಂದು, 1867ರಿಂದ 1869ರವರೆಗೆ ಇಲ್ಲಿ ಜೋಡಿಸಿದರು. ಇದರ ನಕ್ಷೆಯನ್ನು ಮಾಡಿದವನು ರೋಲೆಂಡ್ ಮೇಸನ್ ಆರ್ಡಿಷ್. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ವಿಶಾಲ ಚಾವಣಿಯ ಕೆಲಸದಲ್ಲಿಯೂ ಭಾಗಿಯಾಗಿದ್ದ ಎಂಜಿನಿಯರ್. ಐದು ಅಂತಸ್ತು, ಸುಮಾರು 130 ಕೋಣೆಗಳು, ಪ್ರತಿ ಮಹಡಿಗೂ ತೆರೆದ ಮೊಗಸಾಲೆ, ನಡುವೆ ಗಾಜಿನ ಚಾವಣಿಯ ಅಂಗಳ. ಗೋಡೆಯ ಭಾರವನ್ನು ಕಬ್ಬಿಣದ ಚೌಕಟ್ಟು ಹೊತ್ತುದರಿಂದ ಗೋಡೆಗಳು ದಪ್ಪವಾಗಿರಬೇಕಾದ ಅಗತ್ಯವೇ ಇರಲಿಲ್ಲ. ಗಾಳಿ ಬೆಳಕಿಗೆ ಎಷ್ಟು ಬೇಕಾದರೂ ಜಾಗ. ಇಂದು ನೀವು ಎಲ್ಲ ಪಟ್ಟಣಗಳಲ್ಲಿಯೂ ಕಾಣುವ ಚೌಕಟ್ಟಿನ ಕಟ್ಟಡಗಳಿಗೆ ಅದನ್ನು ಒಬ್ಬ ಹಿರಿಯಣ್ಣನೆನ್ನಬಹುದು.

ಆ ಮೊಗಸಾಲೆಗಳಲ್ಲಿ ಕುಳಿತವರಲ್ಲಿ ಅಮೆರಿಕದ ಮಾರ್ಕ್ ಟ್ವೇನ್ ಒಬ್ಬ. ಸಾಲ ತೀರಿಸುವುದಕ್ಕಾಗಿ ಉಪನ್ಯಾಸ ಕೊಡುತ್ತ ಲೋಕ ಸುತ್ತುತ್ತಿದ್ದ ಆತ 1896ರ ಜನವರಿಯಲ್ಲಿ ಇಲ್ಲಿಗೆ ಬಂದ. ಮುಂಬಯಿಯ ಕಾಗೆಗಳ ಗಲಾಟೆಯನ್ನು ಕುರಿತು ಪ್ರವಾಸದ ಪುಸ್ತಕದಲ್ಲಿ ನಗುನಗುತ್ತ ಬರೆದ. ಅದೇ ವರ್ಷ ಜುಲೈ 7ರಂದು ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲನಚಿತ್ರಗಳ ಮೊದಲ ಪ್ರದರ್ಶನ ಭಾರತದಲ್ಲಿ ನಡೆದದ್ದೂ ಈ ಹೋಟೆಲಿನಲ್ಲೇ. ಪ್ಯಾರಿಸ್ಸಿನಲ್ಲಿ ಹಣ ಕೊಟ್ಟ ಜನ ಮೊದಲು ಸಿನಿಮಾ ನೋಡಿದ್ದು 1895ರ ಡಿಸೆಂಬರ್ 28ರಂದು. ಅಲ್ಲಿಂದ ಮುಂಬಯಿಗೆ ಸಿನಿಮಾ ಬರಲು ಏಳು ತಿಂಗಳೂ ಹಿಡಿಯಲಿಲ್ಲ. ಟಿಕೇಟು ಒಂದು ರೂಪಾಯಿ.

ಇಷ್ಟೆಲ್ಲ ಹೇಳಿದ ಮೇಲೆ ಬಾಗಿಲಿನ ವಿಷಯಕ್ಕೆ ಬರಬೇಕು. ವಾಟ್ಸನ್ ಹೋಟೆಲು ಯುರೋಪಿಯನ್ನರಿಗೆ ಮಾತ್ರ ಮೀಸಲಾಗಿತ್ತು. ಮುಂಬಯಿಯನ್ನು ತಮ್ಮ ಹತ್ತಿಯಿಂದ, ಗಿರಣಿಗಳಿಂದ, ಹಡಗುಗಳಿಂದ ಕಟ್ಟಿದ ಪಾರಸಿ, ಭಾಟಿಯಾ, ಖೋಜಾ ವರ್ತಕರು ತಮ್ಮ ಊರಿನಲ್ಲೇ ಅತ್ಯುತ್ತಮವೆನಿಸಿದ ಹೋಟೆಲಿನಲ್ಲಿ ಕೋಣೆ ಹಿಡಿಯುವಂತಿರಲಿಲ್ಲ. ಸಿನಿಮಾ ಕೂಡ, ಒಂದು ವಾರದ ಮೇಲೆ, ಜುಲೈ 14ರಿಂದ, ನಾವೆಲ್ಟಿ ರಂಗಮಂದಿರದಲ್ಲಿ ಪ್ರದರ್ಶನ ನಡೆಯಲಾರಂಭಿಸಿದ ಮೇಲೆಯೇ ಊರಿನ ಜನರ ಕಣ್ಣಿಗೆ ಬಿದ್ದದ್ದು.

ಇಲ್ಲಿ ನೀವು ಕೇಳಿರಬಹುದಾದ ಒಂದು ಕಥೆಯಿದೆ. ಜಮ್‌ಷೆಟ್ಜಿ ಟಾಟಾ ಅವರನ್ನು ವಾಟ್ಸನ್ ಹೋಟೆಲಿನ ಬಾಗಿಲಲ್ಲಿ ತಡೆದರಂತೆ. ಅವರು ಸಿಟ್ಟಿನಿಂದ, ಇದಕ್ಕಿಂತ ದೊಡ್ಡ ಹೋಟೆಲನ್ನೇ ಕಟ್ಟುತ್ತೇನೆಂದು ಶಪಥ ತೊಟ್ಟರಂತೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಚರಿತ್ರಕಾರರು ಇದನ್ನು ಒಪ್ಪಲು ಹಿಂಜರಿಯುತ್ತಾರೆ. ಟಾಟಾ ಅವರನ್ನು ಬಲ್ಲವರಾಗಿದ್ದ ಪತ್ರಿಕಾ ಸಂಪಾದಕ ಲೊವಾಟ್ ಫ್ರೇಸರ್ ಹೇಳುವಂತೆ, ಈ ಯೋಚನೆ ಅವರ ಮನಸ್ಸಿನಲ್ಲಿ ಬಹುಕಾಲದಿಂದ ಇತ್ತು. ಹೋಟೆಲಿನ ಒಡೆಯನಾಗುವ ಆಸೆ ಅವರಿಗಿರಲಿಲ್ಲ. ಜನರನ್ನು ಭಾರತಕ್ಕೆ ಬರಮಾಡಿಕೊಳ್ಳಬೇಕು, ಮುಂಬಯಿಯನ್ನು ಉತ್ತಮಪಡಿಸಬೇಕು ಎಂಬುದಷ್ಟೇ ಉದ್ದೇಶವಾಗಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದು ಊರಿಗೆ ಊರೇ ಹೆದರಿ ಓಡಿದ ದಿನಗಳನ್ನು ನೆನೆದರೆ ಈ ಮಾತು ಇನ್ನೂ ಅರ್ಥವಾಗುತ್ತದೆ. ಜನರು ಬಿಟ್ಟೋಡುತ್ತಿದ್ದ ಊರಿನಲ್ಲಿ ಒಬ್ಬಾತ ಅತಿಥಿಗಳಿಗೆಂದು ಅರಮನೆಯಂಥ ಮನೆ ಕಟ್ಟಲು ಹೊರಟಿದ್ದ. ಬಾಗಿಲಲ್ಲಿ ತಡೆದ ಕಥೆ ನಡೆಯಿತೋ ಇಲ್ಲವೋ, ಅಂಥ ಬಾಗಿಲೊಂದು ಇದ್ದುದು ನಿಜ. ಆದ್ದರಿಂದಲೇ ಜನ ಆ ಕಥೆಯನ್ನು ನಂಬಿದರು.

ಟಾಟಾ ಮನೆತನದ ಇನ್ನೊಂದು ಕಥೆ ನಮಗೆ ಹತ್ತಿರದ್ದು. ಹೋಟೆಲು ಕಟ್ಟುವ ವಿಷಯ ತಿಳಿದಾಗ ಅವರ ಸೋದರಿಯೊಬ್ಬರಿಗೆ ನಂಬಲಾಗಲಿಲ್ಲವಂತೆ: ಬೆಂಗಳೂರಿನಲ್ಲಿ ವಿಜ್ಞಾನ ಮಂದಿರ ಕಟ್ಟುವವನು, ಉಕ್ಕಿನ ಕಾರ್ಖಾನೆ ತೆಗೆಯುವವನು, ಈಗ ಊಟದಂಗಡಿ ಇಡುತ್ತಾನೆಯೆ ಎಂದು. ‘ಹೋಟೆಲು’ ಎಂದರೆ ಊಟದಂಗಡಿಯೆಂಬ ತಿಳಿವಳಿಕೆ ನಮಗೊಬ್ಬರಿಗೇ ಅಲ್ಲ, ನೋಡಿ. ಆ ವಿಜ್ಞಾನ ಮಂದಿರ ಮೈಸೂರು ಅರಸರು ಕೊಟ್ಟ 371 ಎಕರೆ ಜಮೀನಿನಲ್ಲಿ 1909ರಲ್ಲಿ ಸ್ಥಾಪನೆಯಾಯಿತು. ಅದನ್ನು ಕಾಣಲು ಟಾಟಾ ಬದುಕಿರಲಿಲ್ಲ. ಉಕ್ಕಿನ ಕಾರ್ಖಾನೆಯನ್ನೂ ಕಾಣಲಿಲ್ಲ. ಅವರು ಕಣ್ಣಾರೆ ಕಂಡದ್ದು ಹೋಟೆಲೊಂದನ್ನೇ. 1903ರ ಡಿಸೆಂಬರ್ 16ರಂದು ತಾಜ್ ಮಹಲ್ ಹೋಟೆಲು ತೆರೆದಾಗ ಬಂದ ಅತಿಥಿಗಳು 17 ಮಂದಿ. ಐದು ತಿಂಗಳಲ್ಲಿ, 1904ರ ಮೇ 19ರಂದು, ಟಾಟಾ ಜರ್ಮನಿಯಲ್ಲಿ ತೀರಿಕೊಂಡರು.

ಅದನ್ನು ಕಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ನಕ್ಷೆ ಮಾಡಿದವರಲ್ಲಿ ಮುಖ್ಯರು ಸೀತಾರಾಮ ಖಂಡೇರಾವ್ ವೈದ್ಯ. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದ ಕೆಲಸದಲ್ಲಿ ಸ್ಟೀವನ್ಸನಿಗೆ ಸಹಾಯಕರಾಗಿದ್ದವರು. ಅವರ ಜೊತೆಗೆ ಡಿ. ಎನ್. ಮಿರ್ಜಾ. ವೈದ್ಯರು ಕೆಲಸ ಮುಗಿಯುವ ಮೊದಲೇ ಗತಿಸಿದ್ದರಿಂದ ಡಬ್ಲ್ಯು. ಎ. ಚೇಂಬರ್ಸ್ ಎಂಬ ಇಂಗ್ಲಿಷಿನವನು ಉಳಿದುದನ್ನು ಪೂರೈಸಿದ. ನಡುವೆ ದೊಡ್ಡ ಗುಮ್ಮಟ, ಅದರ ಕೆಳಗೆ ತೇಲಿದಂತೆ ಮೇಲಕ್ಕೇರುವ ಮಹಾ ಸೋಪಾನ. ಲಿಫ್ಟು ಜರ್ಮನಿಯದು, ಪಂಖಗಳು ಅಮೆರಿಕದವು. ಮುಂಬಯಿಯಲ್ಲಿ ವಿದ್ಯುದ್ದೀಪ ಕಂಡ ಮೊದಲ ಕಟ್ಟಡಗಳಲ್ಲಿ ಅದೊಂದು. ವಿದ್ಯುತ್ತನ್ನು ಹೋಟೆಲೇ ತಯಾರಿಸಿಕೊಳ್ಳುತ್ತಿತ್ತು.

ಈ ಹೋಟೆಲನ್ನು ನೋಡಲು ಹೋದವರಿಗೆ ಯಾರಾದರೂ ಒಂದು ಸುದ್ದಿ ಹೇಳಿಯೇ ಹೇಳುತ್ತಾರೆ. ನಕ್ಷೆಯನ್ನು ತಿರುಗುಮುರುಗಾಗಿ ಹಿಡಿದು ಕಟ್ಟಿದರಂತೆ. ಮುಂಭಾಗ ಕಡಲಿಗಿರಬೇಕಾದದ್ದು ಊರಿನ ಕಡೆಗಾಯಿತಂತೆ. ಅದನ್ನು ಕಂಡು ಶಿಲ್ಪಿ ಮೇಲಿನಿಂದ ಹಾರಿ ಪ್ರಾಣ ಬಿಟ್ಟನಂತೆ. ಇದನ್ನು ನಂಬಬೇಡಿ. ಬಾಗಿಲನ್ನು ಊರಿನ ಕಡೆಗೆ ಇಟ್ಟದ್ದು ತಿಳಿದೇ. ಕುದುರೆಗಾಡಿಗಳು ಬರುತ್ತಿದ್ದುದು ಆ ಕಡೆಯಿಂದ. ಕಡಲ ಕಡೆಯನ್ನು ಕೋಣೆಗಳಿಗೆ ಬಿಟ್ಟುಕೊಟ್ಟದ್ದು ಗಾಳಿಗಾಗಿ, ನೋಟಕ್ಕಾಗಿ. ಅಂದು ಗಾಡಿಗಳು ಬಂದು ನಿಲ್ಲುತ್ತಿದ್ದ ಕಡೆ ಈಗ ಈಜುಕೊಳವಿದೆ. ಪ್ರವೇಶ ಸಮುದ್ರದ ಕಡೆಗೆ ಬಂದಿದೆ. ತಂಪುಯಂತ್ರವಿಲ್ಲದ ಕಾಲದಲ್ಲಿ ಕಡಲಗಾಳಿಯನ್ನು ಹೇಗೆ ಮನೆಯೊಳಕ್ಕೆ ಕರೆಯುತ್ತಿದ್ದರೆಂಬುದು ಈ ‘ತಪ್ಪಿ’ನಿಂದಲೇ ತಿಳಿಯುತ್ತದೆ.

ಹೋಟೆಲಿನ ಎದುರಿಗೆ ಕಾಣುವ ಗೇಟ್‌ವೇ ಆಫ್ ಇಂಡಿಯಾ ಎಷ್ಟು ಹಳೆಯದೆಂದು ಮಕ್ಕಳನ್ನು ಕೇಳಿ ನೋಡಿ. ಹೋಟೆಲಿಗಿಂತ ಹಳೆಯದೆನ್ನುತ್ತಾರೆ. ನಿಜವಾಗಿ ಅದು ಹೋಟೆಲಿಗಿಂತ ಇಪ್ಪತ್ತೊಂದು ವರ್ಷ ಕಿರಿಯದು. ಐದನೆಯ ಜಾರ್ಜ್ ದೊರೆ 1911ರ ಡಿಸೆಂಬರ್ 2ರಂದು ಅಲ್ಲಿ ಬಂದಿಳಿದಾಗ ಕಲ್ಲಿನ ಕಮಾನು ಇರಲೇ ಇಲ್ಲ. 1913ರಲ್ಲಿ ಶಂಕುಸ್ಥಾಪನೆಯಾಗಿ, ಜಾರ್ಜ್ ವಿಟೆಟ್ ಮಾಡಿದ ನಕ್ಷೆಯಂತೆ ಅದು ಪೂರ್ಣವಾಗಿ ತೆರೆದದ್ದು 1924ರ ಡಿಸೆಂಬರ್ 4ರಂದು. ಇಪ್ಪತ್ತನಾಲ್ಕು ವರ್ಷವಾಗುವಷ್ಟರಲ್ಲಿ, 1948ರ ಫೆಬ್ರವರಿ 28ರಂದು, ಬ್ರಿಟಿಷರ ಕೊನೆಯ ದಂಡು ಅದೇ ಕಮಾನಿನ ಕೆಳಗಿನಿಂದ ಹಡಗು ಹತ್ತಿ ಹೋಯಿತು. ದೊರೆ ಬಂದುದನ್ನೂ ದಂಡು ಹೋದುದನ್ನೂ ತಾಜ್ ಹೋಟೆಲು ತನ್ನ ಕಿಟಕಿಗಳಿಂದ ನೋಡಿತು. ದುಡ್ಡು ಕೊಟ್ಟು ಕಡಲ ಕಡೆಯ ಕೋಣೆ ಹಿಡಿದರೆ ನೀವು ನಿಲ್ಲುವುದು ಆ ಕಿಟಕಿಗಳಲ್ಲೊಂದರ ಬಳಿ. ಖರ್ಚಿನ ಲೆಕ್ಕದಲ್ಲಿ ಇದನ್ನೂ ಒಂದು ಬಾಬತ್ತಾಗಿ ಬರೆದುಕೊಳ್ಳಿ.

ಆ ಮನೆ ಕಂಡ ಬದುಕು ಬಗೆಬಗೆಯದು. ಮೊದಲನೆಯ ಮಹಾಯುದ್ಧದಲ್ಲಿ ಅದು 600 ಹಾಸಿಗೆಗಳ ಆಸ್ಪತ್ರೆಯಾಯಿತು. ಮಹಾರಾಜರು ಪರಿವಾರ ಸಮೇತ ಇಳಿದರು. ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ಸರೋಜಿನಿ ನಾಯಿಡು ಅಲ್ಲಿ ತಂಗುತ್ತಿದ್ದರು. ಖಾದಿಯುಟ್ಟವರೂ ವೈಸರಾಯರ ಅತಿಥಿಗಳೂ ಒಂದೇ ಮೆಟ್ಟಲು ಹತ್ತಿದ ಮನೆ ಅದು. ಹಾಗೆಂದು ಅದು ಎಲ್ಲರ ಮನೆಯಾಗಿತ್ತೆಂದು ಹೇಳಿದರೆ ಅತಿಯಾದೀತು. ಬಣ್ಣವನ್ನು ಕೇಳದ ಬಾಗಿಲು ಹಣವನ್ನು ಕೇಳಿಯೇ ಕೇಳುತ್ತಿತ್ತು, ಈಗಲೂ ಕೇಳುತ್ತದೆ. ಆದರೂ ಹುಟ್ಟಿನಿಂದ ಬಂದ ಬಣ್ಣವನ್ನು ನೋಡಿ ತಡೆಯುವ ಬಾಗಿಲಿಗೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಭಾರತದವನೊಬ್ಬ ಕಟ್ಟಿದ, ಭಾರತದವರು ತಲೆಯೆತ್ತಿ ಒಳಹೊಕ್ಕ ಮನೆಯೆಂಬುದೇ ಅದರ ಚರಿತ್ರೆಯ ತಿರುಳು.

ಈಚಿನ ಕಾಲದಲ್ಲಿ ಆ ಬಾಗಿಲಿಗೆ ಬಂದ ಕಷ್ಟ ನಿಮಗೆಲ್ಲ ನೆನಪಿದೆ. 2008ರ ನವೆಂಬರ್ 26ರ ರಾತ್ರಿ ಶಸ್ತ್ರಧಾರಿಗಳಾದ ಭಯೋತ್ಪಾದಕರು ಒಳನುಗ್ಗಿದರು. ಮೂರು ರಾತ್ರಿ ಗುಂಡಿನ ಸದ್ದು, ಗುಮ್ಮಟದ ಸುತ್ತ ಬೆಂಕಿ. 29ರ ಬೆಳಗ್ಗೆ ಎಲ್ಲ ಮುಗಿಯುವ ಹೊತ್ತಿಗೆ ಆ ಹೋಟೆಲಿನಲ್ಲೇ 30ಕ್ಕೂ ಹೆಚ್ಚು ಜನ ಸತ್ತಿದ್ದರು. ಹೊರಗೆ ಓಡಿಹೋಗುವ ದಾರಿ ಗೊತ್ತಿದ್ದ ಅಡಿಗೆಯವರು, ಬಡಿಸುವವರು, ಕೋಣೆ ನೋಡಿಕೊಳ್ಳುವವರು ಅತಿಥಿಗಳನ್ನು ಬಿಟ್ಟು ಹೋಗಲಿಲ್ಲ. ಅವರನ್ನು ಮರೆಮಾಡಿ, ಕತ್ತಲಲ್ಲಿ ಹಿಂದಿನ ದಾರಿಗಳಿಂದ ಸಾಗಿಸಿ, ಕೆಲವರು ತಾವೇ ಪ್ರಾಣ ತೆತ್ತರು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉಣ್ಣಿಕೃಷ್ಣನ್, ರಾಷ್ಟ್ರೀಯ ಭದ್ರತಾ ದಳದ ಅಧಿಕಾರಿ, 28ರಂದು ಅಲ್ಲಿ ಹೋರಾಡುತ್ತ ಮಡಿದರು; ರಾಷ್ಟ್ರ ಅವರಿಗೆ ಅಶೋಕ ಚಕ್ರವನ್ನು ನೀಡಿ ಗೌರವಿಸಿತು. ಹೋಟೆಲಿನ ಹೊಸ ಗೋಪುರ ಆ ಡಿಸೆಂಬರ್ 21ರಂದೇ ಮತ್ತೆ ತೆರೆಯಿತು. ಹಳೆಯ ಭಾಗವನ್ನು ಸರಿಪಡಿಸಲು ಒಂದೂವರೆ ವರ್ಷಕ್ಕೂ ಮೀರಿ ಹಿಡಿಯಿತು. 2010ರ ಆಗಸ್ಟ್ 15ರಂದು ಅದರ ಬಾಗಿಲನ್ನು ತೆರೆದರು. ಆ ದಿನವನ್ನೇ ಆರಿಸಿಕೊಂಡುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಾಟ್ಸನ್ ಹೋಟೆಲು ಏನಾಯಿತು? ತಾಜ್ ಬಂದ ಮೇಲೆ ಅದರ ಕಳೆ ಕುಗ್ಗಿತು. ಹೋಟೆಲು ನಿಂತಿತು, ಕಟ್ಟಡಕ್ಕೆ ಎಸ್ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರು ಬಂತು, ಕೋಣೆಗಳನ್ನು ತುಂಡು ತುಂಡಾಗಿ ವಿಭಾಗಿಸಿ ಮನೆಗಳಿಗೂ ವಕೀಲರ ಕಚೇರಿಗಳಿಗೂ ಬಾಡಿಗೆಗೆ ಕೊಟ್ಟರು. ಬಾಡಿಗೆ ಅತಿ ಕಡಮೆ; ದುರಸ್ತಿ ಯಾರದೆಂಬುದು ಇತ್ಯರ್ಥವಾಗದ ಮಾತು. ಎಲ್ಲರಿಗೂ ಸೇರಿದ ಕಟ್ಟಡ ಯಾರಿಗೂ ಸೇರದಂತಾಯಿತು. ಕಡಲ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯಿತು. 2005ರಲ್ಲಿ ಮೊಗಸಾಲೆಯ ಒಂದು ಭಾಗ ಕುಸಿದು ಬಿತ್ತು. ಲೋಕದಲ್ಲಿ ಅಪಾಯಕ್ಕೊಳಗಾದ ಸ್ಮಾರಕಗಳ ಪಟ್ಟಿಗೆ ಅದರ ಹೆಸರೂ ಸೇರಿತು. 2019ರಲ್ಲಿ ಬಾಡಿಗೆದಾರರನ್ನು ತೆರವು ಮಾಡಿಸಿದರು. ಕೆಡವಬೇಕೆ, ಉಳಿಸಬೇಕೆ ಎಂಬ ವಾದ ನ್ಯಾಯಾಲಯದವರೆಗೆ ಹೋಯಿತು. ತಾಜ್ ಹೋಟೆಲಿನಿಂದ ಅಲ್ಲಿಗೆ ಕಾಲು ಗಂಟೆಯ ನಡಿಗೆ. ಹೋದಾಗ ತಪ್ಪದೆ ರಸ್ತೆಯಲ್ಲಿ ನಿಂತು ಅದನ್ನು ನೋಡಿ ಬನ್ನಿ. ನಮ್ಮವರನ್ನು ಹೊರಗಿಟ್ಟ ಮನೆಯಾದರೂ, ನಮ್ಮ ದೇಶಕ್ಕೆ ಸಿನಿಮಾ ಬಂದಿಳಿದ ಮನೆ ಅದು. ಅದರ ಪಾಡನ್ನು ಕಂಡು ಸಂತೋಷಪಡಬೇಕಾಗಿಲ್ಲ. ಕಟ್ಟಡಕ್ಕೆ ವಯಸ್ಸಾದರೆ ಸಾಲದು, ಅದನ್ನು ತಮ್ಮದೆನ್ನುವ ಜನ ಬೇಕು ಎಂಬುದನ್ನು ಮಾತ್ರ ಅದು ನಮಗೆ ತೋರಿಸಿಕೊಡುತ್ತದೆ.

ಈಗ ಆರಿಸುವ ಮಾತಿಗೆ ಬರೋಣ. ಮುಂಬಯಿಯಾಗಲಿ, ಕಲ್ಕತ್ತವಾಗಲಿ, ಮೈಸೂರಾಗಲಿ, ಹಳೆಯ ಹೋಟೆಲೊಂದಕ್ಕೆ ಮುಂಗಡ ಕಳುಹಿಸುವ ಮುನ್ನ ಮೂರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು: ಹಳೆಯದು ಯಾವುದು, ಹೆಸರೋ ಮನೆಯೋ? ಕಲ್ಕತ್ತದ ಗ್ರೇಟ್ ಈಸ್ಟರ್ನ್ ಹೋಟೆಲಿನ ಮೂಲ 1840ರ ಸುಮಾರಿನಲ್ಲಿ ಡೇವಿಡ್ ವಿಲ್ಸನ್ ಇಟ್ಟ ಬ್ರೆಡ್ಡಿನ ಅಂಗಡಿ. ಅದು ನಮ್ಮ ದೇಶದ ಅತ್ಯಂತ ಹಳೆಯ ಹೋಟೆಲುಗಳಲ್ಲೊಂದು. ಆದರೆ ಬಹುಕಾಲ ಸರ್ಕಾರದ ಕೈಯಲ್ಲಿದ್ದು ಸೊರಗಿ, 2005ರಲ್ಲಿ ಮಾರಾಟವಾಗಿ, 2013ರಲ್ಲಿ ಮತ್ತೆ ತೆರೆದಾಗ ಹಳೆಯದರೊಡನೆ ಹೊಸ ಭಾಗವೂ ಸೇರಿಕೊಂಡಿತ್ತು. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ಹತ್ತು ಕೋಣೆಗಳ ಬೋರ್ಡಿಂಗ್ ಮನೆಯಾಗಿ ಹುಟ್ಟಿದ್ದು. ಇಂದಿನ ಬಹುಪಾಲು ಕೋಣೆಗಳು ಆಮೇಲಿನವು. ಹೆಸರಿನ ಹಿಂದೆ ಬರೆದ ಇಸವಿ ನಿಮ್ಮ ಕೋಣೆಯ ಇಸವಿಯಾಗಿರಬೇಕಾಗಿಲ್ಲ.

ಎರಡನೆಯದು: ಅದು ಹೋಟೆಲಾಗಿಯೇ ಹುಟ್ಟಿದ್ದೆ? ಮೈಸೂರಿನ ಲಲಿತ ಮಹಲಿಗೆ 1921ರಲ್ಲಿ ಅಡಿಗಲ್ಲಿಟ್ಟದ್ದು ವೈಸರಾಯರು ಬಂದಾಗ ಇಳಿಯುವುದಕ್ಕೆಂದು. ನಕ್ಷೆ ಮಾಡಿದವನು ಮುಂಬಯಿಯ ಫ್ರಿಚ್ಲಿ. ಅದು ಹೋಟೆಲಾದದ್ದು 1974ರಲ್ಲಿ. ಅಂಥ ಅರಮನೆಗಳಲ್ಲಿ ಹಜಾರಗಳು ಭವ್ಯ. ಕೋಣೆ, ಸ್ನಾನದ ಮನೆಗಳು ಆಮೇಲೆ ಅಳವಡಿಸಿಕೊಂಡವಾದ್ದರಿಂದ ಒಂದರಂತೆ ಒಂದಿರುವುದಿಲ್ಲ. ಮುಂಬಯಿಯ ತಾಜ್ ತನ್ನನ್ನು ‘ಪ್ಯಾಲೇಸ್’ ಎಂದು ಕರೆದುಕೊಂಡರೂ ಅಲ್ಲಿ ಯಾವ ಅರಸನೂ ಆಳಲಿಲ್ಲ. ಅದು ಮೊದಲ ಕಲ್ಲಿನಿಂದಲೂ ಅತಿಥಿಗಳಿಗಾಗಿ ಕಟ್ಟಿದ್ದು. ಒಂದು ಕಡೆ ಅರಸನ ಮನೆಯಲ್ಲಿ ನೆಂಟರಾಗುತ್ತೀರಿ, ಇನ್ನೊಂದು ಕಡೆ ನಿಮಗೆಂದೇ ಕಟ್ಟಿದ ಮನೆಯಲ್ಲಿ ಇಳಿಯುತ್ತೀರಿ. ಎರಡೂ ಚೆಂದವೇ, ಯಾವುದು ಬೇಕೆಂದು ಮೊದಲೇ ತಿಳಿದಿರಬೇಕು.

ಮೂರನೆಯದು ಕೇವಲ ವ್ಯವಹಾರದ್ದು: ನಿಮಗೆ ಕೊಡುವ ಕೋಣೆ ಯಾವ ಭಾಗದಲ್ಲಿದೆ? ತಾಜ್ ಹೋಟೆಲಿನ ಪಕ್ಕದಲ್ಲಿ ಗ್ರೀನ್ಸ್ ಎಂಬ ಇನ್ನೊಂದು ಹೋಟೆಲಿತ್ತು. ಆ ಜಾಗದಲ್ಲಿ 1973ರಲ್ಲಿ ಎತ್ತರದ ಗೋಪುರ ಕಟ್ಟಿದರು. ಗೋಪುರದಲ್ಲಿ ಬಾಡಿಗೆ ಸಾಮಾನ್ಯವಾಗಿ ಕಡಮೆ. ಹಳೆಯ ಭಾಗದ ಸೋಪಾನವನ್ನು ಕನಸು ಕಂಡು ಬಂದವರು ಗೋಪುರದ ಲಿಫ್ಟಿನಲ್ಲಿ ಮೇಲೆ ಹೋಗಿ ಪೆಚ್ಚಾದರೆ ತಪ್ಪು ಹೋಟೆಲಿನದಲ್ಲ. ಕಾಗದದಲ್ಲಿ ‘ಹಳೆಯ ಭಾಗ’ ಎಂದು ಬರೆಸಿಕೊಳ್ಳಿ. ಕಡಲ ಕಡೆಯೋ ಊರ ಕಡೆಯೋ ಎಂಬುದನ್ನೂ ಬರೆಸಿಕೊಳ್ಳಿ. ಡಿಸೆಂಬರ್ ಜನವರಿಯ ನೂಕುನುಗ್ಗಲಿಗಿಂತ ಮಳೆಗಾಲದಲ್ಲಿ ಹೋದರೆ ಕೈಚೀಲಕ್ಕೆ ಹಗುರ. ಅಪೊಲೊ ಬಂದರಿನ ಗೋಡೆಗೆ ಬಂದು ಬಡಿಯುವ ಮುಂಗಾರಿನ ಅಲೆಗಳನ್ನು ಕಿಟಕಿಯಿಂದ ನೋಡುವುದು ನಮ್ಮ ಬಯಲುಸೀಮೆಯವರಿಗೆ ಬೇರೆಯದೇ ಅನುಭವ.

ಕೊನೆಯ ಪ್ರಶ್ನೆ, ನಾವು ಆರಂಭದಿಂದ ಬೆನ್ನುಹತ್ತಿದ್ದು: ಈ ಬಾಗಿಲು ಯಾರಿಗೆ ತೆರೆದಿತ್ತು, ಅದನ್ನು ಕಾದವರು ಯಾರು? ಇದಕ್ಕೆ ಉತ್ತರ ಚಿತ್ರಪಟಗಳಲ್ಲಿ ಸಿಗುವುದಿಲ್ಲ. ಕೇಳಿ, ಓದಿ ತಿಳಿಯಬೇಕು. ಗೋಡೆಗೆ ತೂಗುಹಾಕಿದ ಅರಸರ, ನಟರ, ರಾಷ್ಟ್ರಾಧ್ಯಕ್ಷರ ಭಾವಚಿತ್ರಗಳನ್ನು ಎಲ್ಲ ಹೋಟೆಲುಗಳೂ ತೋರಿಸುತ್ತವೆ. ಆದರೆ ಒಂದು ಮನೆಯ ಚರಿತ್ರೆಯನ್ನು ಬಾಳಿಸಿದವರು, ಸಮವಸ್ತ್ರ ತೊಟ್ಟು ನಿಮ್ಮ ಪೆಟ್ಟಿಗೆಯನ್ನು ಎತ್ತಿಕೊಳ್ಳುವ ಅವರೇ. ಅವರೊಡನೆ ನಾಲ್ಕು ಮಾತಾಡಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ದುಡಿದ ಹಿರಿಯರು ಹೇಳುವ ಸಂಗತಿಗಳಿಗೆ ಬಾಡಿಗೆಯ ಪಟ್ಟಿಯಲ್ಲಿ ಬೆಲೆ ಹಾಕಿರುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಮನೆಯ ಆಯವ್ಯಯ ಒಪ್ಪದಿದ್ದರೆ? ಬೇಸರಪಡಬೇಡಿ. ಕೋಣೆ ಹಿಡಿಯದೆಯೂ ಹಳೆಯ ಹೋಟೆಲಿಗೆ ಅತಿಥಿಗಳಾಗಬಹುದು. ರಾತ್ರಿ ಬೇರೆಲ್ಲಾದರೂ ಮಲಗಿ. ಮಧ್ಯಾಹ್ನದ ಊಟವನ್ನು ಮಾಟುಂಗಾದಲ್ಲಿ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮೇಲೆ ಮಾಡಿ. ಕರಾವಳಿಯಿಂದ ಬರಿಗೈಲಿ ಹೋದ ನಮ್ಮವರು ಆ ಮಹಾನಗರಕ್ಕೆ ಉಣಬಡಿಸಿದ ಕಥೆಯೂ ಹೋಟೆಲಿನ ಚರಿತ್ರೆಯೇ, ಅದೂ ದೊಡ್ಡದೇ. ಸಂಜೆ ನಾಲ್ಕರ ಹೊತ್ತಿಗೆ ತಾಜ್ ಹೋಟೆಲಿಗೆ ಬಂದು, ಮೊದಲ ಮಹಡಿಯಲ್ಲಿ ಕಡಲಿಗೆ ಮುಖಮಾಡಿರುವ ‘ಸೀ ಲೌಂಜ್’ನಲ್ಲಿ ಕುಳಿತು ಚಹಾ ತರಿಸಿ. ನಮ್ಮ ಕಾಫಿಯ ಬೆಲೆಗೆ ಹೋಲಿಸಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಕೋಣೆಯ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಹೋಗುವಾಗ ಬರುವಾಗ ಆ ಮಹಾ ಸೋಪಾನವನ್ನು ಮಕ್ಕಳಿಗೆ ತೋರಿಸಿ. ಕಿಟಕಿಯಾಚೆ ಕಮಾನು, ಅದರಾಚೆ ದೋಣಿಗಳು, ಇನ್ನೂ ಆಚೆಗೆ ಎಲಿಫೆಂಟಾ ದ್ವೀಪದ ಕಡೆಯ ನೀರು ಕಾಣುತ್ತದೆ.

ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಇಂಥ ಬಾಗಿಲುಗಳ ಮುಂದೆ ಹಾದು ಹೋದರು, ಒಳಗೆ ಏನಿದೆಯೆಂದು ಕೇಳುವುದಕ್ಕೂ ಅಂಜಿಕೊಂಡು. ನೀವು ಹಾಗೆ ಹಾದು ಹೋಗಬೇಕಾಗಿಲ್ಲ. ಒಂದು ರಾತ್ರಿಯ ಮಟ್ಟಿಗೋ, ಒಂದು ಬಟ್ಟಲು ಚಹಾದ ಮಟ್ಟಿಗೋ, ಬಾಗಿಲು ತೆರೆದಿದೆ. ಕಾವಲಿನವನು ಕೈಮುಗಿದಾಗ ನೀವೂ ಕೈಮುಗಿದು ಒಳಗೆ ಹೋಗಿ.